ಹಿಂದಿನ ಸಾಲಿನ ಷೂಯೂ

ಷೂಯೂಗೆ ಬೇಕಾಗಿದ್ದದ್ದು ಹಿಂದಿನ ಸಾಲಿನ ಎಡಮೂಲೆ, ಅಷ್ಟೇ. ಅಲ್ಲಿ ನಿಂತರೆ ಯಾರ ಕಣ್ಣಿಗೂ ಬೀಳಬೇಕಾಗಿರಲಿಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ವಿಂಗಡಿಸಿ ಅವಳ ಭುಜಗಳೆರಡೂ ಗುಟ್ಟು ಹೇಳಲು ಹೊರಟಂತೆ ಕಿವಿಯ ಹತ್ತಿರ ಬಂದು ಕೂತಿದ್ದವು. ಅವುಗಳನ್ನು ಇಳಿಸಲೆಂದೇ ಚೆಂಗ್ಡು ನಗರದ ಪಾರ್ಕೊಂದರಲ್ಲಿ ಮೆಲ್ಲಗೆ ಮೈ ಆಡಿಸುವ ತೈಚಿ ವ್ಯಾಯಾಮದ ಗುಂಪಿಗೆ ಸೇರಿ ಮೂರು ತಿಂಗಳಾಗಿತ್ತು.

"ಮೈ ಜೊತೆ ಜಗಳ ಬೇಡಮ್ಮ. ನಿದ್ದೆಗಣ್ಣಿನ ಮಗು ಅದು. ಕೈ ಹಿಡ್ಕೊಂಡು ನಿಧಾನಕ್ಕೆ ನಡೆಸು" ಎನ್ನುತ್ತಿದ್ದರು ಗೆಂಗ್ ಮೇಷ್ಟ್ರು.

ಷೂಯೂ ಒಂದು ಭಂಗಿಯನ್ನೂ ಕಲಿತಿರಲಿಲ್ಲ. ಮುಂದೆ ನಿಂತ ಪಾನ್ ಚಿಕ್ಕಮ್ಮನನ್ನು ನೋಡಿಕೊಂಡು ಮಾಡುತ್ತಿದ್ದಳು. ಚಿಕ್ಕಮ್ಮ ಮೂಗು ತುರಿಸಿಕೊಂಡರೆ ಇವಳೂ ತುರಿಸಿಕೊಳ್ಳುತ್ತಿದ್ದಳು.

ಒಂದು ದಿನ ಬಡಾವಣೆಗಳ ನಡುವೆ ತೈಚಿ ಸ್ಪರ್ಧೆ. ಮೂವರು ತೀರ್ಪುಗಾರರು ಕುರ್ಚಿ ಹಾಕಿಕೊಂಡು ಕೂತರು. ಬಿಸಿಲು ಕಣ್ಣಿಗೆ ಚುಚ್ಚಿತು. ಎದ್ದು, ಕುರ್ಚಿಗಳನ್ನು ಹೊತ್ತು, ಗುಂಪಿನ ಹಿಂದಿದ್ದ ಮರದ ನೆರಳಿಗೆ ಹೋದರು.

"ಎಲ್ರೂ ಹಿಂದಕ್ಕೆ ತಿರುಗಿ!" ಎಂದರು ಮೇಷ್ಟ್ರು.

ಗುಂಪಿಗೆ ಗುಂಪೇ ತಿರುಗಿತು. ಹಿಂದಿನ ಸಾಲು ಮುಂದಿನದಾಯಿತು.

"ಚಿಕ್ಕಮ್ಮಾ, ನೀವು ಈ ಕಡೆ ಬನ್ನಿ!" ಷೂಯೂ ಅಂಗಲಾಚಿದಳು.

"ಸುಮ್ನೆ ನಿಂತ್ಕೊಳ್ಳೇ! ಸಾಲು ಕೆಟ್ರೆ ಅಂಕ ಹೋಗುತ್ತೆ. ನೀನು ಏನ್ ಮಾಡ್ತೀಯೋ ನಾವೂ ಅದೇ ಮಾಡ್ತೀವಿ. ತಪ್ಪಾದ್ರೂ ಎಲ್ರೂ ಒಂದೇ ಥರ ತಪ್ಪಬೇಕು. ಮೊದ್ಲು ಆ ಭುಜ ಇಳಿಸು, ಕೋಟು ನೇತುಹಾಕೋ ಗೂಟ ಆಗಿದೆ!"

ಸಂಗೀತ ಶುರುವಾಯಿತು. ಷೂಯೂ ಕಂಗಾಲಾಗಿ ಎದುರಿಗೆ ನೋಡಿದಳು. ಅಲ್ಲಿ ಇದ್ದವರು ತೀರ್ಪುಗಾರರು ಮಾತ್ರ. ಅವರಲ್ಲಿ ಹಿರಿಯರಾದ ತಾಂಗ್ ಮಹಾಶಯರು ಎರಡೂ ಕೈ ಮೇಲೆತ್ತಿ ಉದ್ದಕ್ಕೆ ಆಕಳಿಸಿದರು. ಅಭ್ಯಾಸಬಲ, ಷೂಯೂ ಕೈಗಳು ತಾವಾಗಿಯೇ ಮೇಲೆದ್ದವು. ಅವಳ ಹಿಂದೆ ಅರವತ್ತು ಕೈಗಳು ಮೋಡದಂತೆ ತೇಲಿದವು. ತಾಂಗ್ ಸೊಳ್ಳೆಯೊಂದನ್ನು ಹುಡುಕಿ, ಕಾದು, ಹೊಡೆದರು. ಮೂವತ್ತು ಜನ ಹುಡುಕಿ, ಕಾದು, ಹೊಡೆದರು. ತಾಂಗ್ ಬಟ್ಟಲಿನ ಮುಚ್ಚಳ ಸರಿಸಿ ಚಹಾ ಊದಿದರು. ಇಡೀ ಗುಂಪು ಉಫ್ ಎಂದು ಉಸಿರು ಬಿಟ್ಟಿತು.

ಸಂಗೀತ ನಿಂತಾಗ ತಾಂಗ್ ಕಣ್ಣು ಒದ್ದೆಯಾಗಿತ್ತು.

"ನಲವತ್ತು ವರ್ಷದಿಂದ ನೋಡ್ತಿದೀನಿ, ಇಂಥದ್ದು ನೋಡಿಲ್ಲ. ಆದ್ರೂ ಎಲ್ಲೋ ನೋಡಿದ ಹಾಗಿದೆ. ನಮ್ಮನೇಲೇ ನೋಡಿದ ಹಾಗಿದೆ! ಮೊದಲ ಬಹುಮಾನ ನಿಮಗೇ!"

ಚಿಕ್ಕಮ್ಮ ಷೂಯೂಳ ಬೆನ್ನಿಗೆ ಗುದ್ದಿದರು. "ಕಳ್ಳಿ! ಇಷ್ಟು ದಿನ ಮೂಲೇಲಿ ಬಚ್ಚಿಟ್ಕೊಂಡಿದ್ಯಲ್ಲೇ!"

ಮೇಷ್ಟ್ರು ಮುಗುಳ್ನಕ್ಕರು. "ನಾಳೆಯಿಂದ ನೀನೇ ಮುಂದೆ ನಿಲ್ಲು. ನನ್ನ ಮಂಡಿಗೂ ಒಂದು ಮೂಲೆ ಬೇಕಿತ್ತು."

ಅವಳ ಎಡಮೂಲೆ ಹೀಗೆ ಮೇಷ್ಟ್ರ ಪಾಲಾಯಿತು. ಅಷ್ಟರಲ್ಲಿ ತಾಂಗ್ ಕೋಟು ಕಳಚಿ ಅವಳೆದುರು ಬಂದು ನಿಂತರು. "ನನಗೂ ಕಲಿಸಿ. ನೀವು ಮಾಡಿ, ನಾನು ನೋಡ್ಕೊಂಡು ಮಾಡ್ತೀನಿ."

ಷೂಯೂ ಅವರನ್ನೇ ನೋಡುತ್ತಾ ಕಾದಳು. ಅವರು ಅವಳನ್ನೇ ನೋಡುತ್ತಾ ಕಾದರು. ಹಿಂದೆ ಮೂವತ್ತು ಜನ ಕಾದರು. ಎಲೆಯೊಂದು ಉದುರಿತು. ಚಹಾ ಆರಿತು. ಕಾಲು ಗಂಟೆ ಯಾರೂ ಅಲುಗಲಿಲ್ಲ. ನಿಂತು ನಿಂತು ಅವಳ ಭುಜಗಳು ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮೆಲ್ಲಗೆ ಕೆಳಗಿಳಿದವು. ಆಹಾ, ಎನಿಸಿತು ಅವಳಿಗೆ.

"ಅಬ್ಬಾ, ಎಂಥಾ ಭಂಗಿ!" ತಾಂಗ್ ಪಿಸುಗುಟ್ಟಿದರು. "ನಾಳೆ ಊರಿನ ಎಲ್ಲಾ ಗುಂಪುಗಳನ್ನೂ ಕರ್ಕೊಂಡು ಬರ್ತೀನಿ. ನೀವು ಕಟ್ಟೆ ಮೇಲೆ ನಿಂತ್ಕೊಳ್ಳಿ, ಎಲ್ರಿಗೂ ಕಾಣ್ಬೇಕಲ್ಲ!"

ಎರಡೂ ಭುಜಗಳು ಸರಕ್ಕನೆ ಕಿವಿಗೆ ಹತ್ತಿದವು.

ಹಿಂದೆ ಮೂವತ್ತು ಜನ ಶಿಸ್ತಾಗಿ ಭುಜ ಏರಿಸಿದರು.