ಅವರ ನಾಯಿ, ನಮ್ಮ ಜೀವ

ಬೇರೆಯವರ ನಾಯಿಯನ್ನು ಮನೆಯಲ್ಲಿ ಇಟ್ಟುಕೊಂಡ ಮೇಲೆ ಎದೆ ಧಸಕ್ ಅನ್ನದ ದಿನ ಅಂತ ಒಂದೂ ಇರುವುದಿಲ್ಲ. ಇವತ್ತು ಏನೂ ಆಗಲಿಲ್ಲವಲ್ಲ ಅಂತ ಕಾಫಿ ಲೋಟ ಕೈಗೆ ತೆಗೆದುಕೊಂಡರೆ, ಅಷ್ಟರಲ್ಲಿ ಏನೋ ಒಂದು ಆಗಿರುತ್ತದೆ.

ನಮ್ಮ ಮನೆ ಇಟ್ಟಮಡುವಿನಲ್ಲಿ. ನಮ್ಮ ಮಾವ ಇದ್ದಾಗ ಹಿತ್ತಲಿನ ಕೊಟ್ಟಿಗೆ ತುಂಬಾ ಹಸುಗಳಿದ್ದವು. ಸುತ್ತ ಮನೆಗಳು ಎದ್ದವು, ಸಗಣಿ ವಾಸನೆ ಅಂತ ಅಕ್ಕಪಕ್ಕದವರು ಮುಖ ಸಿಂಡರಿಸಿದರು, ಹಸುಗಳು ಹೋದವು, ಕೊಟ್ಟಿಗೆ ಉಳಿಯಿತು. ಎದುರು ಮನೆಯವರು ತಿರುಪತಿಗೆ ಹೋಗುವಾಗ ತಮ್ಮ ನಾಯಿಯನ್ನು ಅಲ್ಲಿ ಬಿಟ್ಟು ಹೋದರು. ಅವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಈಗ ಆಫೀಸಿಗೆ ಹೋಗುವವರು ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ, ಊರಿಗೆ ಹೋಗುವವರು ವಾರಗಟ್ಟಲೆ ಬಿಡುತ್ತಾರೆ. ಬಂದವರೆಲ್ಲ ಡೇಕೇರ್, ಬೋರ್ಡಿಂಗ್ ಅನ್ನುತ್ತಾರೆ. ನಮ್ಮ ಅತ್ತೆ ಮಾತ್ರ ನಾಯಿ ಹಾಸ್ಟೆಲ್ ಅನ್ನುತ್ತಾರೆ.

ನಮ್ಮ ಯಜಮಾನರ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಸು ಒದ್ದು ಹಲ್ಲು ಅಲುಗಾಡಿದಾಗಲೂ ಹೆದರದಿದ್ದ ಮನುಷ್ಯ, ಪಮೇರಿಯನ್ ಬೊಗಳಿದರೆ ಎರಡೂ ಕಾಲು ಎತ್ತಿ ಕುರ್ಚಿ ಮೇಲೆ ಇಟ್ಟುಕೊಳ್ಳುತ್ತಾರೆ.

ಅಲ್ಲಾಡದ ಗುಂಡ

ಜೆ.ಪಿ. ನಗರದ ಒಬ್ಬ ಮೇಡಂ ತಮ್ಮ ಕಪ್ಪು ಲ್ಯಾಬ್ರಡಾರ್ ಗುಂಡನನ್ನು ಮೊದಲ ಸಲ ಬಿಡಲು ಬಂದರು. ಬಿಡುವಾಗಲೇ ಕಣ್ಣಲ್ಲಿ ನೀರು. "ಎಲ್ಲೆಲ್ಲೋ ಏನೇನೋ ಆಗಿದೆ ಅಂತ ಓದ್ತೀನಿ ಮೇಡಂ, ನಂಗೆ ನಿದ್ದೆ ಬರಲ್ಲ" ಅಂದರು. ಅವರೇ ಒಂದು ಕ್ಯಾಮೆರಾ ತಂದು ಕೊಟ್ಟಿಗೆಯ ಮೂಲೆಗೆ ಹಾಕಿಸಿದರು. ಅದರಲ್ಲಿ ಫೋನಿನಿಂದ ನೋಡಬಹುದು, ಮಾತೂ ಆಡಬಹುದು. ನನಗೂ ಒಳ್ಳೆಯದೇ ಅನ್ನಿಸಿತು. ನೋಡುತ್ತಿದ್ದರೆ ಅವರಿಗೆ ಸಮಾಧಾನ ತಾನೆ.

ಮಾರನೇ ದಿನ ನಾನು ತರಕಾರಿ ಅಂಗಡಿಯಲ್ಲಿದ್ದೆ. ಮೈಸೂರಿನಿಂದ ಆ ಮೇಡಂ ಫೋನು. ಅವರು ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು.

"ಮೇಡಂ, ಗುಂಡ ಬೆಳಗ್ಗೆಯಿಂದ ಒಂದೇ ಕಡೆ ಬಿದ್ಕೊಂಡಿದ್ದಾನೆ. ಎಷ್ಟು ಕರೆದ್ರೂ ಕಿವಿ ಕೂಡ ಅಲ್ಲಾಡಿಸ್ತಿಲ್ಲ." ಅಳು ಶುರುವಾಯಿತು. "ಉಸಿರಾಡ್ತಿದ್ದಾನಾ ಅಂತ ಒಂದ್ ಸಲ ನೋಡ್ತೀರಾ?"

ನನ್ನ ಕೈಯಲ್ಲಿದ್ದ ಬೀನ್ಸು ಅಲ್ಲೇ ಬಿತ್ತು. ಹಿಂದಿನ ದಿನ ಸಂಜೆ ಗುಂಡ ಅರ್ಧ ಊಟ ಬಿಟ್ಟಿದ್ದ. ಹೊಸ ಜಾಗ ಅಂತ ನಾನು ಸುಮ್ಮನಿದ್ದೆ. ಸೆಖೆಗೆ ಏನಾದರೂ ಆಯಿತೋ, ಹಾವು ಗೀವು ಬಂತೋ, ಆ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳಲಿ ಅಂತ ರಸ್ತೆಯುದ್ದಕ್ಕೂ ಓಡಿದೆ. ಚಪ್ಪಲಿ ಒಂದು ಎಲ್ಲಿ ಕಳಚಿತೋ ಗೊತ್ತಿಲ್ಲ. ಫೋನು ಕಿವಿಗೇ ಇತ್ತು, ಅಲ್ಲಿಂದ ಅಳು ಕೇಳುತ್ತಲೇ ಇತ್ತು.

ಗೇಟು ತೆಗೆದರೆ, ಜಗಲಿಯ ಮೇಲೆ ನಮ್ಮ ಅತ್ತೆ ಕೂತಿದ್ದಾರೆ. ಅವರ ತೊಡೆಯ ಮೇಲೆ ತಲೆ ಇಟ್ಟುಕೊಂಡು ಗುಂಡ ಚಪಾತಿ ತಿನ್ನುತ್ತಿದ್ದಾನೆ. ಬೆಳಗ್ಗೆ ನೀನು ಹೊರಟ ಮೇಲೆ ಅವನೇ ಬಾಗಿಲು ತಳ್ಳಿಕೊಂಡು ಹೊರಗೆ ಬಂದ, ಆಗಿನಿಂದ ಇಲ್ಲೇ ಇದ್ದಾನೆ ಅಂದರು ಅತ್ತೆ. ನಾನು ಕೊಟ್ಟಿಗೆಗೆ ಹೋಗಿ ನೋಡಿದೆ. ಕ್ಯಾಮೆರಾ ಎದುರಿನ ಮೂಲೆಯಲ್ಲಿ ನಮ್ಮ ಮಾವನ ಹಳೇ ಕರಿ ಕಂಬಳಿ ಮುದ್ದೆಯಾಗಿ ಬಿದ್ದಿತ್ತು.

ವಿಷಯ ಹೇಳಿದೆ. ಆ ಕಡೆ ಅಳು ನಿಂತಿತು. ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ನಾನು, ನಮ್ಮಮ್ಮ, ನಮ್ಮತ್ತಿಗೆ ಎಲ್ಲಾರೂ ಸೇರ್ಕೊಂಡು ಇಷ್ಟು ಹೊತ್ತು ಕಂಬಳಿಗೆ ಲಾಲಿ ಹಾಡಿದ್ವಾ?"

ಕಚ್ಚಿದ್ದು ಯಾರು, ಗಾಬರಿ ಯಾರಿಗೆ

ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇರುವ ಬಾಗಲಕೋಟೆ ಕಡೆಯ ಹುಡುಗ ಒಬ್ಬ. ಆಫೀಸು ಕೆಲಸದ ಮೇಲೆ ಹೊರಗೆ ಹೋಗುವಾಗ ತನ್ನ ಮುಧೋಳ ನಾಯಿಯನ್ನು ನಮ್ಮಲ್ಲಿ ಬಿಡುತ್ತಿದ್ದ. ಹೆಸರು ಬಾದಾಮಿ. ಮೈಯೆಲ್ಲ ಕಾಲೇ, ಓಡಿದರೆ ಕಣ್ಣಿಗೆ ಸಿಗುವುದಿಲ್ಲ.

ನಮ್ಮ ಯಜಮಾನರು ನೀರಿನ ಬಕೆಟ್ಟು ಹಿಡಿದು, ನಾಯಿಗಳು ಎಲ್ಲಿವೆ ಅಂತ ನಾಲ್ಕೂ ದಿಕ್ಕು ನೋಡಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಹಿಂದೆ ಮಲಗಿದ್ದ ಬಾದಾಮಿಯ ಬಾಲದ ಮೇಲೆಯೇ ಕಾಲಿಟ್ಟರು. ಅದು ಎದ್ದು ಮೀನಖಂಡಕ್ಕೆ ಬಾಯಿ ಹಾಕಿತು.

ಇವರು ಕೂಗಲೂ ಇಲ್ಲ. ಬಕೆಟ್ಟು ಕೆಳಗಿಟ್ಟು, "ಕಚ್ತು ಕಣೇ" ಅಂದರು, ಅಷ್ಟೆ. ನಲ್ಲಿಯ ಕೆಳಗೆ ಅವರ ಕಾಲು ಹಿಡಿದು ಸೋಪು ಹಾಕಿ ಉಜ್ಜಿದೆ, ಉಜ್ಜಿದೆ, ಅವರು ಸಾಕು ಅಂದರೂ ಬಿಡಲಿಲ್ಲ. ಆಮೇಲೆ ಆಟೋ ಹತ್ತಿಸಿ ಆಸ್ಪತ್ರೆಗೆ ಹೊರಟೆ. ನಾಯಿಯನ್ನು ಬಿಡುವಾಗ ಆ ಹುಡುಗ ಅದಕ್ಕೆ ಇಂಜೆಕ್ಷನ್ ಆಗಿದೆ ಅಂತ ಬಾಯಲ್ಲಿ ಹೇಳಿದ್ದ. ಬಾಯಿ ಮಾತು ನಂಬಿ ಕೂತರೆ ಆಗುತ್ತದೆಯೇ? ಇವರ ಮುಖ ನೋಡಿದರೆ ನನಗೆ ಏನೇನೋ ಯೋಚನೆ ಬರುತ್ತಿತ್ತು. ಡಾಕ್ಟರ ರೂಮಿನ ಹೊರಗೆ ಕೂತು ಫೋನು ಮಾಡಿದೆ. ಇವರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

"ಹಲ್ಲು ನಾಟ್ಯಾವೇನ್ರೀ ಅಕ್ಕಾರ?" ಅಂದ ಹುಡುಗ.

"ನಾಟಿದೆ ಕಣಪ್ಪ. ರಕ್ತ ಬಂದಿದೆ."

"ಅಂಜಬ್ಯಾಡ್ರೀ. ಎಲ್ಲಾ ಇಂಜೆಕ್ಷನ್ ಮಾಡಿಸೀನಿ, ಈಗ ಫೋಟೋ ಕಳಸ್ತೀನಿ." ಕಳಿಸಿಯೂ ಬಿಟ್ಟ. ರೇಬಿಸ್ಸಿನದು, ಬೇರೆಯದು, ಎಲ್ಲವೂ ಸರಿಯಾಗಿತ್ತು. ನನಗೆ ಹೋದ ಉಸಿರು ಬಂತು. ಡಾಕ್ಟರು ಹೇಗಿದ್ದರೂ ಇವರಿಗೂ ಒಂದು ಚುಚ್ಚುತ್ತೇವೆ ಅಂದಿದ್ದರು, ಅದೂ ಸಮಾಧಾನವೇ.

ಹುಡುಗ ಫೋನು ಇಡಲಿಲ್ಲ. "ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಂಕಲ್‌ಗೆ ಏನರ ಜಡ್ಡು ಗಿಡ್ಡು ಐತೇನ್ರೀ? ನಮ್ಮ ಬಾದಾಮಿ ಹೊಟ್ಟಿ ಭಾಳ ನಾಜೂಕ ಐತ್ರೀ."

ನಮ್ಮ ಯಜಮಾನರು ಫೋನಿನ ಕಡೆ ಬಗ್ಗಿದರು. "ಶುಗರ್ ಇದೆ ಅಂತ ಹೇಳು. ಇನ್ನೊಂದ್ ಸಲ ಕಚ್ಚೋಕೆ ಮುಂಚೆ ಯೋಚನೆ ಮಾಡ್ಲಿ."

ಅತ್ತೆಯ ಹಲ್ಲು

ನಮ್ಮ ಅತ್ತೆಗೆ ಕಟ್ಟಿಸಿದ ಹಲ್ಲು. ಮಧ್ಯಾಹ್ನ ಮಲಗುವಾಗ ತೆಗೆದು ನೀರು ತುಂಬಿದ ಸ್ಟೀಲ್ ಲೋಟದಲ್ಲಿ ಹಾಕಿ ಕಿಟಕಿಯಲ್ಲಿ ಇಡುತ್ತಾರೆ. ಒಂದು ದಿನ ನಾನು ರೂಮಿಗೆ ಹೋದರೆ ಲೋಟ ನೆಲದ ಮೇಲೆ ಬಿದ್ದಿದೆ, ನೀರು ಚೆಲ್ಲಿದೆ, ಹಲ್ಲು ಇಲ್ಲ. ಅತ್ತೆಯೂ ಇಲ್ಲ. ಪಕ್ಕದಲ್ಲಿ ಜಯನಗರದವರ ಬೀಗಲ್ ನಾಯಿ, ಹೆಸರು ಕಾಫಿ, ತುಟಿ ನೆಕ್ಕಿಕೊಳ್ಳುತ್ತಾ ನಿಂತಿದೆ.

ಕಾಫಿಯ ಬಗ್ಗೆ ಅದರ ಮನೆಯವರು ಮೊದಲೇ ಹೇಳಿದ್ದರು. ಕಾಲುಚೀಲ, ರಿಮೋಟು, ಸೋಪು, ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಹಲ್ಲನ್ನು ಇದೇ ನುಂಗಿದೆ ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಹಲ್ಲಿನ ಸೆಟ್ಟಿನಲ್ಲಿ ಚೂಪಾದ ತಂತಿ ಇದೆ. ಅದು ಕರುಳಿಗೆ ಚುಚ್ಚಿದರೆ? ಹೊಟ್ಟೆ ಕುಯ್ಯಬೇಕಾದರೆ? ನಾಯಿಯನ್ನು ಎತ್ತಿಕೊಂಡೆ, ಅದು ನನ್ನ ಮುಖ ನೆಕ್ಕಿತು. ಇನ್ನೂ ಚೆನ್ನಾಗಿದೆಯಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತದೋ ಅಂತ ಅಳು ಬಂತು.

ಕಾಫಿಯ ಯಜಮಾನಿಗೆ ಫೋನು ಮಾಡಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೈಯಲಿಲ್ಲ. "ಆಂಟಿ, ನೀವು ಹೊರಡಿ, ನಾನು ನೇರ ಆಸ್ಪತ್ರೆಗೆ ಬರ್ತೀನಿ" ಅಂದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೈ ಹಿಡಿದುಕೊಂಡು ಕೂತೆವು.

ಎಕ್ಸ್‌ರೇ ತೆಗೆದ ಡಾಕ್ಟರು ನಮ್ಮನ್ನು ಒಳಗೆ ಕರೆದರು. "ಹಲ್ಲು ಇಲ್ಲಮ್ಮ" ಅಂದರು. ನಾನು ದೇವರಿಗೆ ಕೈ ಮುಗಿದೆ. "ಆದ್ರೆ ಒಂದು ಕೀ ಇದೆ. ಇದು ಇವತ್ತಿನದಲ್ಲ, ಕೆಲವು ದಿನದಿಂದ ಇರೋ ಹಾಗಿದೆ. ಹೊಟ್ಟೇಲೇ ಇರೋದ್ರಿಂದ ಕುಯ್ಯೋದು ಬೇಡ, ಪೈಪ್ ಹಾಕಿ ತೆಗೀತೀವಿ."

ಹುಡುಗಿ ಪರದೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಮುಖದಲ್ಲಿದ್ದ ಭಯ ಹೋಗಿ ಬೇರೆಯೇ ಏನೋ ಬಂತು. "ಡಾಕ್ಟ್ರೇ, ಇದು ನಮ್ಮತ್ತೆ ಬೀರು ಕೀ. ನಾನೇ ತೆಗೆದಿದ್ದೀನಿ ಅಂತ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಈ ಫೋಟೋ ವಾಟ್ಸಾಪಲ್ಲಿ ಕಳಿಸ್ತೀರಾ?"

ಕೀ ಹೊರಗೆ ಬಂತು, ಕಾಫಿ ಎದ್ದು ಓಡಾಡಿತು. ನಾನು ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿ ಕೂತು ಕಟಕಟ ಅಂತ ಏನೋ ಕಡಿಯುತ್ತಿದ್ದಾರೆ. "ಹಲ್ಲು ಎಲ್ಲಿತ್ತು ಅತ್ತೆ?" ಅಂದೆ.

"ಪಕ್ಕದ ಮನೆಯವಳು ಚಕ್ಕುಲಿ ಮಾಡಿದೀನಿ ಬನ್ನಿ ಅಂದ್ಲು" ಅಂದರು ಅತ್ತೆ. "ಚಕ್ಕುಲಿಗೆ ಹಲ್ಲು ಬಿಟ್ಟು ಹೋಗ್ತಾರೇನಮ್ಮ?"

ಯಡಿಯೂರು ಕೆರೆ ಹತ್ತಿರ ಸಿಕ್ಕಿದ ರಾಜ

ಇದನ್ನು ನೆನೆಸಿಕೊಂಡರೆ ಈಗಲೂ ಬೆವರು ಬರುತ್ತದೆ.

ಪದ್ಮನಾಭನಗರದ ಒಬ್ಬರು, ಬ್ಯಾಂಕಿನಲ್ಲಿ ಕೆಲಸ, ತಮ್ಮ ಗೋಲ್ಡನ್ ರಿಟ್ರೀವರ್ ರಾಜನನ್ನು ನಮ್ಮಲ್ಲಿ ಬಿಟ್ಟು ದೆಹಲಿಗೆ ಹೋಗಿದ್ದರು. ಅವತ್ತು ವಿಮಾನದಲ್ಲಿ ಬಂದು ಸಂಜೆಯ ಹೊತ್ತಿಗೆ ಮನೆ ಸೇರುವವರಿದ್ದರು. ಮಧ್ಯಾಹ್ನ ಗ್ಯಾಸ್ ಸಿಲಿಂಡರಿನವನು ಬಂದ. ಎರಡೂ ಕೈಯಲ್ಲಿ ಸಿಲಿಂಡರು ಹಿಡಿದವನು ಗೇಟನ್ನು ಕಾಲಿನಿಂದ ತಳ್ಳಿದ. ರಾಜ ಅವನ ಪಕ್ಕದಿಂದ ಬಾಣದ ಹಾಗೆ ಹೊರಗೆ ಹೋದ. ನಾನು ರಸ್ತೆಗೆ ಬರುವಷ್ಟರಲ್ಲಿ ತಿರುವಿನಲ್ಲಿ ಬಾಲದ ತುದಿ ಕಂಡಿತು. ಆಮೇಲೆ ಅದೂ ಇಲ್ಲ.

ಯಜಮಾನರು ಸ್ಕೂಟರ್ ತೆಗೆದರು, ನಾನು ಹಿಂದೆ ಕೂತೆ. ಎಳನೀರಿನವನನ್ನು ಕೇಳಿದೆವು, ಹೂವಿನವಳನ್ನು ಕೇಳಿದೆವು. ಒಬ್ಬರು ಈ ಕಡೆ ಅಂದರು, ಇನ್ನೊಬ್ಬರು ಆ ಕಡೆ ಅಂದರು. ಮುಖ್ಯ ರಸ್ತೆಯಲ್ಲಿ ಬಸ್ಸು ಗಕ್ಕನೆ ಬ್ರೇಕು ಹಾಕಿದಾಗೆಲ್ಲ ನಾನು ಕಣ್ಣು ಮುಚ್ಚಿಕೊಂಡು, "ಏನು ಅಂತ ನೋಡಿ" ಅನ್ನುತ್ತಿದ್ದೆ. "ಏನಿಲ್ಲ, ಸ್ಟಾಪು" ಅನ್ನುತ್ತಿದ್ದರು ಇವರು.

"ಸಿಕ್ಕಿದ ಮೇಲೆ ಹೇಳಿದ್ರೆ ಆಗಲ್ವಾ?" ಅಂದರು ಇವರು. ನನಗೆ ಮನಸ್ಸು ಒಪ್ಪಲಿಲ್ಲ. ಬ್ಯಾಂಕಿನವರಿಗೆ ಫೋನು ಮಾಡಿದೆ, ಸ್ವಿಚ್ ಆಫ್. ವಿಮಾನದಲ್ಲಿದ್ದರೇನೋ. ರಾಜ ತಪ್ಪಿಸಿಕೊಂಡಿದ್ದಾನೆ, ಹುಡುಕುತ್ತಿದ್ದೇವೆ ಅಂತ ಮೆಸೇಜು ಕಳಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಯಡಿಯೂರು ಕೆರೆಯ ಹತ್ತಿರ ಬಂದೆವು. ಕೆರೆಯ ಪಾರ್ಕಿನ ಗೇಟಿನ ಪಕ್ಕದಲ್ಲಿ, ಹೊಂಬಣ್ಣದ ಮೈ, ನಾಲಿಗೆ ಹೊರಗೆ ಬಿಟ್ಟುಕೊಂಡು ಕೂತಿದ್ದಾನೆ. "ರಾಜ" ಅಂದೆ. ಬಾಲ ಅಲ್ಲಾಡಿಸಿದ. ನಾನು ಫುಟ್‌ಪಾತಿನ ಮೇಲೆಯೇ ಕೂತು ಅವನ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ.

"ಇವನನ್ನ ಕಂಬಿಗೆ ಕಟ್ಟಿದ್ದಾರಲ್ಲೇ" ಅಂದರು ಯಜಮಾನರು.

"ಯಾರೋ ಪುಣ್ಯಾತ್ಮರು, ಓಡಿಹೋಗದ ಹಾಗೆ ಕಟ್ಟಿದ್ದಾರೆ."

"ರಾಜನ ಬೆಲ್ಟು ನೀಲಿ ಅಲ್ವಾ? ಇದು ಕೆಂಪಿದೆ."

"ನಿಮಗೆ ಯಾವಾಗ ಬಣ್ಣ ಗೊತ್ತಾಗಿದೆ? ಆಟೋ ಕರೀರಿ."

ನಾಯಿಯೂ ನಾನೂ ಆಟೋದಲ್ಲಿ, ಇವರು ಹಿಂದೆ ಸ್ಕೂಟರಿನಲ್ಲಿ. ಮನೆಗೆ ಬಂದು ಮೊಸರನ್ನ ಕಲಸಿಟ್ಟೆ. ಬಟ್ಟಲು ನೆಕ್ಕಿ ಇನ್ನೊಂದು ಸಲ ಹಾಕಿಸಿಕೊಂಡ. ಅಷ್ಟು ಹೊತ್ತಿಗೆ ಬ್ಯಾಂಕಿನವರ ಫೋನು ಬಂತು.

"ಮೇಡಂ, ಮೆಸೇಜ್ ಈಗ ನೋಡ್ದೆ. ಗಾಬರಿ ಆಗ್ಬೇಡಿ. ರಾಜ ಇಲ್ಲೇ, ನಮ್ಮನೆ ಬಾಗಿಲಲ್ಲೇ ಮಲಗಿದ್ದಾನೆ."

"ಇಲ್ಲ ಸಾರ್, ಸಿಕ್ಕಿದ. ನಮ್ಮನೇಲೇ ಊಟ ಮಾಡ್ತಿದ್ದಾನೆ."

"ಮೇಡಂ, ನನ್ನ ಕಾಲು ನೆಕ್ತಿದ್ದಾನೆ."

ನಾನು ತಿರುಗಿ ನಾಯಿಯನ್ನು ನೋಡಿದೆ. ನಾಯಿಯೂ ನನ್ನನ್ನು ನೋಡಿತು. ಪಕ್ಕದಲ್ಲಿ ನಿಂತಿದ್ದ ಯಜಮಾನರು ಮೆಲ್ಲಗೆ ಗೋಡೆ ಹಿಡಿದುಕೊಂಡರು. "ನಾವು ಕದ್ಕೊಂಡ್ ಬಂದಿದ್ದೀವಿ ಕಣೇ" ಅಂದರು.

ಇಷ್ಟು ಹೊತ್ತು ನಾಯಿ ಹೋಯಿತು ಅನ್ನುವ ಭಯ. ಈಗ ನಾಯಿ ಇದೆ ಅನ್ನುವ ಭಯ. ಮತ್ತೆ ಆಟೋ ಹಿಡಿದು ಕೆರೆಯ ಕಡೆ ಓಡಿದೆವು. ಗೇಟಿನ ಹತ್ತಿರ ಜನ ಸೇರಿದ್ದರು. ನಡುವೆ ಒಬ್ಬ ವಯಸ್ಸಾದವರು ಕೋಲು ಹಿಡಿದು ನಿಂತಿದ್ದರು. ಒಳಗೆ ನಾಯಿ ಬಿಡುವುದಿಲ್ಲ ಅಂತ ಕಂಬಿಗೆ ಕಟ್ಟಿ, ಒಂದು ಸುತ್ತು ನಡೆದು ಬರಲು ಹೋಗಿದ್ದರಂತೆ. ಪಾರ್ಕಿನ ಕಾವಲಿನವನು ನಮ್ಮನ್ನು ಕಂಡದ್ದೇ ಕೈ ತೋರಿಸಿದ. "ಇವರೇ ಸಾರ್. ಗೇಟ್ ಹತ್ರದ ಎಳನೀರಿನವನು ನೋಡಿದ್ದಾನೆ. ಈಯಮ್ಮ ಅತ್ಕೊಂಡು ಅತ್ಕೊಂಡು ಕದೀತಿದ್ರಂತೆ."

ನಾಯಿ ಆಟೋದಿಂದ ಹಾರಿ ಅವರ ಮೇಲೆ ಬಿತ್ತು. ಅವರು ಕೋಲು ಬಿಟ್ಟು ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಧ್ಯಾಹ್ನದಿಂದ ನನಗೆ ಏನಾಗಿತ್ತೋ ಅದೆಲ್ಲ ಆ ಮುಖದಲ್ಲಿ ಕಂಡಿತು. ನಾನು ಕಾಲಿಗೆ ಬಿದ್ದು ನಡೆದದ್ದೆಲ್ಲ ಹೇಳಿದೆ. ಕೊಟ್ಟಿಗೆ, ಸಿಲಿಂಡರು, ರಾಜ, ಎಲ್ಲ. ಸುತ್ತ ನಿಂತವರು ಬೈದರು. ಒಬ್ಬರು ಪೊಲೀಸರಿಗೆ ಹೇಳೋಣ ಅಂದರು. ಯಜಮಾನರು ನನ್ನ ಹಿಂದೆ ನಿಂತುಕೊಂಡರು.

ವಯಸ್ಸಾದವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಾಯಿ ನೋಡ್ಕೊಳ್ಳೋದೇ ನಿಮ್ಮ ಕೆಲಸಾನಾ?" ಅಂತ ಕೇಳಿದರು.

"ಹೌದು ಸಾರ್." ಇನ್ನು ಕೊಟ್ಟಿಗೆಗೆ ಬೀಗವೇ ಅಂದುಕೊಂಡೆ.

"ಏನು ಹಾಕಿದ್ರಿ ಇವನಿಗೆ?"

"ಮೊಸರನ್ನ ಸಾರ್."

"ತಿಂದ್ನಾ?"

"ಎರಡು ಸಲ ಹಾಕಿಸ್ಕೊಂಡ."

ಅವರು ನಾಯಿಯ ಹೊಟ್ಟೆ ಸವರಿ ನೋಡಿದರು. ಕೋಲು ಎತ್ತಿಕೊಟ್ಟೆ, ಅದನ್ನು ಊರಿಕೊಂಡು ನಿಂತು ಸ್ವಲ್ಪ ಯೋಚಿಸಿದರು. "ನನ್ನ ಕೈಲಿ ಒಂದು ತುತ್ತು ತಿನ್ನೋಕೆ ಆಟ ಆಡ್ಸ್ತಾನೆ ಇವನು. ಮುಂದಿನ ತಿಂಗಳು ಮೊಮ್ಮಗಳ ಮದುವೆ. ಛತ್ರಕ್ಕೆ ಕರ್ಕೊಂಡು ಹೋಗೋ ಹಾಗಿಲ್ಲ, ಯಾರ ಹತ್ರ ಬಿಡೋದು ಅಂತ ಯೋಚನೆ ಆಗಿತ್ತು. ಬಂದು ಕರ್ಕೊಂಡು ಹೋಗಿ. ಆದ್ರೆ ಈ ಸಲ ನಂಗೆ ಒಂದ್ ಮಾತು ಹೇಳಿ ಕರ್ಕೊಂಡು ಹೋಗಿಮ್ಮ."