ಪದ್ಮರಾಜಯ್ಯನವರ ಎನ್‌ಲಾರ್ಜರ್ ದಿಗ್ವಿಜಯ

ಅಂಗೈಯಗಲದ ಫೋನಿನೊಳಗೆ ಅಖಿಲ ಬ್ರಹ್ಮಾಂಡವೇ ಬಣ್ಣಬಣ್ಣವಾಗಿ ಕುಣಿಯುತ್ತಿದ್ದ ಈ ಕಲಿಯುಗದ ಕಡೆಗಾಲದಲ್ಲಿ, ಕಪ್ಪುಬಿಳುಪಿನ ಕುಲಧರ್ಮವನ್ನು ಏಕಾಂಗಿಯಾಗಿ ಹೊತ್ತು ನಿಂತ, ಹೈಪೋಗಂಧಲಿಪ್ತ, ಗವಾಕ್ಷನಿರೋಧನಿಪುಣ, ಸ್ನಾನಗೃಹಸಾರ್ವಭೌಮ ಪದ್ಮರಾಜಯ್ಯನವರ ಪರಾಕ್ರಮವನ್ನು, ಎಲೌ ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಕೂತು ನುಡಿಸು. ಬೇಸರವಾದರೂ ನಡುವೆ ಎದ್ದುಹೋಗಬೇಡ.

ಹಾಸನದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾಗಿ, ಬಚ್ಚಲುಮನೆಯನ್ನೇ ಕತ್ತಲೆಕೋಣೆ ಮಾಡಿಕೊಂಡು ಹೈಪೋ ದ್ರಾವಣದಲ್ಲಿ ರೀಲು ತೊಳೆಯುತ್ತಿದ್ದ ಈ ಮಹಾರಥಿ ಒಂದು ಭೀಷಣ ಪ್ರತಿಜ್ಞೆ ಮಾಡಿದ್ದರು. ಅವರ ಧರ್ಮಪತ್ನಿ ಮರುದೇವಮ್ಮ ನಾಲ್ಕು ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ತಾಯಿಯ ಒಂದೇ ಒಂದು ಫೋಟೋವನ್ನು ಗೆದ್ದಲು ತಿಂದು, ನೆಗೆಟಿವ್ ಮಾತ್ರ ಉಳಿದಿತ್ತು. ಅದರಲ್ಲಿ ಮುಖ ಕಪ್ಪು, ಕೂದಲು ಬಿಳಿ. ಇಪ್ಪತ್ತಾರಕ್ಕೇ ತೀರಿಕೊಂಡ ತಾಯಿಯನ್ನು ಮಗಳು ಅರವತ್ತು ವರ್ಷದಿಂದ ಮುದುಕಿಯಾಗಿಯೇ ನೋಡುತ್ತ ಬಂದಿದ್ದರು. ಸ್ಕ್ಯಾನ್ ಮಾಡಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಅತ್ತೆಯ ಮುಖವನ್ನು ಕಂಪ್ಯೂಟರಿನ ಬಾಯಿಗೆ ಹಾಕುವುದು ವೀರೋಚಿತವಲ್ಲವೆಂದೂ, ತಾವೇ ನೆಗೆಟಿವಿನ ಚಿತ್ರವನ್ನು ಹಿಗ್ಗಿಸಿ ಕಾಗದಕ್ಕಿಳಿಸುವ ಎನ್‌ಲಾರ್ಜರ್ ತಂದು ಗೋಡೆ ತುಂಬುವ ಚಿತ್ರವನ್ನು ಕೈಯಾರೆ ತೆಗೆಯುವುದಾಗಿಯೂ ಮೇಷ್ಟ್ರು ಘೋಷಿಸಿಬಿಟ್ಟರು. ಮರುದೇವಮ್ಮ ನಾಲ್ಕು ವರ್ಷ ಕಾದರು.

ಕೊನೆಗೆ, ಮುಚ್ಚುತ್ತಿದ್ದ ಸ್ಟುಡಿಯೋವೊಂದರ ಹಿಂದಿನ ಕೋಣೆ ರಣರಂಗವಾಯಿತು. ಒಡೆಯರಾದ ನಂಜುಂಡಾರಾಧ್ಯರು ಎರಡು ಹಳೆಯ ಎನ್‌ಲಾರ್ಜರುಗಳ ಮೇಲಿನ ಬೆಡ್‌ಶೀಟು ಸರಿಸಿದರು. ಒಂದು ಸ್ಥೂಲಕಾಯ, ಕರಿಯ ಬಣ್ಣ, ಹಂಡೆಯಂಥ ತಲೆ, ಮಡಿಕೆಯ ತಿದಿಗೆ ಪಂಕ್ಚರ್ ಅಂಗಡಿಯ ತೇಪೆ. ಇನ್ನೊಂದು ತನ್ವಂಗಿ, ರಜತಸ್ತಂಭಶೋಭಿತೆ, ಮಸೃಣಚಕ್ರಚಾಲಿತೆ. ಮೇಷ್ಟ್ರ ಮನಸ್ಸು ಅಲ್ಲೇ ಜಾರಿತು.

ಆದರೂ ವೀರರು ಪರೀಕ್ಷಿಸದೆ ವರಿಸುವುದಿಲ್ಲ. ಲೆನ್ಸಿಗೆ ಟಾರ್ಚು ಬಿಟ್ಟು ಬೂಷ್ಟಾಸುರನನ್ನು ಹುಡುಕಿದರು. ಕಂಬವನ್ನು ಹಿಡಿದು ಅಲುಗಾಡಿಸಿದರು. ತಿದಿಯ ಸೂಜಿರಂಧ್ರಗಳಿಗಾಗಿ ಮೂಗು ತಾಗುವಷ್ಟು ಬಗ್ಗಿ, ಧೂಳಿಗೆ ಮೂರು ಸಲ ಸೀನಿದರು. ಜೇಬಿನಿಂದ ತಮ್ಮ ಕ್ಯಾಮೆರಾದ ರೀಲಿನ ತುಂಡೊಂದನ್ನು ತೆಗೆದು ಬೆಳಕು ಹಾಯಿಸಿದಾಗ ವಿಂಧ್ಯಗಿರಿಯ ಮೆಟ್ಟಿಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಹಲಗೆಯ ಮೇಲೆ ಮೂಡಿದವು.

ಆರಾಧ್ಯರು ಮೆಲ್ಲಗೆ ಕೆಮ್ಮಿದರು. "ಹಳೇ ಕಾಲದ ನೆಗೆಟಿವ್ ಅಂದ್ರಲ್ಲ ಮೇಷ್ಟ್ರೇ, ಅದನ್ನೇ ತಂದು ಒಂದ್ಸಲ ಹಾಕಿ ನೋಡ್ಬಿಡಿ. ಈ ಕರಿಯ ಆದ್ರೆ ದೊಡ್ಡ ಸೈಜಿಗೂ ಆಗ್ತಾನೆ."

ಆಗ ಪದ್ಮರಾಜಯ್ಯನವರು ಎದೆ ಸೆಟೆಸಿ ನುಡಿದರು: "ಆರಾಧ್ಯರೇ, ಮೂವತ್ತೊಂದು ವರ್ಷ ಮಕ್ಕಳಿಗೆ ಅಳತೆ ಕಲಿಸಿದ ಕಣ್ಣಿದು. ಸ್ಕೇಲಿಲ್ಲದೆ ಗೊಮ್ಮಟನ ಹೆಬ್ಬೆರಳನ್ನು ಅಳೆದ ಕಣ್ಣಿದು. ಈ ತೇಪೆಯ ಕುಂಭಕರ್ಣನನ್ನು ಹೊತ್ತೊಯ್ದರೆ ನನ್ನ ಬಚ್ಚಲುಮನೆ ನನ್ನನ್ನು ಕ್ಷಮಿಸೀತೇ?"

ಆರಾಧ್ಯರು ಕರಿಯನಿಗೆ ಮತ್ತೆ ಬೆಡ್‌ಶೀಟು ಹೊದಿಸಿದರು.

ಅದೇ ದಿನ ಮಧ್ಯಾಹ್ನ ಮೂರಕ್ಕೆ, ಮನೆಯ ಗವಾಕ್ಷಿಗೆ ಕಂಬಳಿ ಬಡಿದು, ಕೆಂಪು ಬಲ್ಬು ಬೆಳಗಿಸಿ, ಬಚ್ಚಲ ಕಟ್ಟೆಯ ಮೇಲೆ ತನ್ವಂಗಿಯ ಪ್ರತಿಷ್ಠೆಯಾಯಿತು. ಮರುದೇವಮ್ಮ ಮಾತ್ರೆಯ ಲಕೋಟೆಯಿಂದ ನೆಗೆಟಿವ್ ತೆಗೆದುಕೊಟ್ಟರು. ಅದು ಕ್ರೀಮ್ ಬಿಸ್ಕತ್ತಿನಷ್ಟಿತ್ತು. ಯಂತ್ರದಲ್ಲಿ ನೆಗೆಟಿವ್ ಇಡುವ ಕಿಂಡಿ ಅಂಚೆಚೀಟಿಯಷ್ಟಿತ್ತು. ಮೇಷ್ಟ್ರು ಅಡ್ಡ ಹಿಡಿದರು, ಉದ್ದ ಹಿಡಿದರು; ಅತ್ತೆಯ ಮೂಗು ಮತ್ತು ಒಂದು ಓಲೆಗಿಂತ ಹೆಚ್ಚೇನೂ ಅದರಲ್ಲಿ ಹಿಡಿಸಲಿಲ್ಲ. ಆ ನೆಗೆಟಿವನ್ನು ಅವರು ನೂರು ಸಲ ಬೆಳಕಿಗೆ ಹಿಡಿದು ನೋಡಿದ್ದರು. ನೋಡಿದ್ದೆಲ್ಲ ಮುಖವನ್ನೇ, ಅಗಲವನ್ನಲ್ಲ.

ಹೊರಗೋಡಿ ಆರಾಧ್ಯರಿಗೆ ಫೋನ್ ಮಾಡಿದರು. ಕರಿಯ ಆಗಲೇ ಗುಜರಿಯವನ ಗಾಡಿ ಹತ್ತಿಯಾಗಿತ್ತು. ಗೊಮ್ಮಟನನ್ನು ಅಳೆದ ಮಹಾರಥಿ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತರು. ಹೆಂಡತಿಯ ಮುಖ ನೋಡಲು ಅವರಿಗೆ ನಾಚಿಕೆಯಾಯಿತು.

"ಅದನ್ನ ಕಾಗದದ ಮೇಲೇ ಇಟ್ಟು ದೀಪ ಬಿಟ್ರೆ ಬರಲ್ವೇನ್ರೀ?" ಎಂದು ಮರುದೇವಮ್ಮ ಕೇಳಿದರು.

"ಬರುತ್ತೆ. ಆದ್ರೆ ಇಷ್ಟೇ ಗಾತ್ರ ಬರುತ್ತೆ."

"ಬರ್ಲಿ ಬಿಡಿ. ಗೋಡೆ ತುಂಬ ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?"

ಮೇಷ್ಟ್ರ ಸನ್ಮಾನಪತ್ರದ ಚೌಕಟ್ಟಿನಿಂದ ಗಾಜು ಕಳಚಿ ಬಂತು. ಫೋಟೋ ಕಾಗದ, ಅದರ ಮೇಲೆ ನೆಗೆಟಿವ್, ಅದರ ಮೇಲೆ ಗಾಜು, ಒಂದೇ ಕ್ಷಣ ಟಾರ್ಚಿನ ಬೆಳಕು. ಆ ಕಾಗದವನ್ನು ಡೆವಲಪರ್ ದ್ರಾವಣದ ತಟ್ಟೆಯಲ್ಲಿ ಅದ್ದಿ ಅಲುಗಾಡಿಸುತ್ತಿದ್ದಂತೆ ಮೊದಲು ಜಡೆ ಕಂಡಿತು, ಆಮೇಲೆ ಹುಬ್ಬು, ನಿಧಾನವಾಗಿ ಮುಖ.

"ಕೂದಲು ಕಪ್ಪಿದೆ ಕಣ್ರೀ," ಎಂದರು ಮರುದೇವಮ್ಮ. ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿ, "ನಮ್ಮ ಮಗಳಿಗಿಂತ ಚಿಕ್ಕೋಳು."

ಮೇಷ್ಟ್ರು ಚಿತ್ರವನ್ನು ಇಕ್ಕುಳದಿಂದೆತ್ತಿ ಹೈಪೋ ತಟ್ಟೆಗೆ ಜಾರಿಸಿದರು.

ಇಂತು ದಿಗ್ವಿಜಯವು ಎರಡೂಕಾಲು ಅಂಗುಲಕ್ಕೆ ಸಮಾಪ್ತವಾಯಿತು. ರಜತಸ್ತಂಭದ ಮೇಲೆ ಈಗ ಟವೆಲು ಒಣಗುತ್ತದೆ. ಆ ಚಿತ್ರವನ್ನು ಹಿಗ್ಗಿಸಿ ತೋರಿಸುವ ಕೆಲಸವನ್ನು ಮಾತ್ರ ಪಂಚಾಂಗ ಓದಲು ಇಟ್ಟ ಭೂತಗನ್ನಡಿ ಮರುದೇವಮ್ಮನವರ ಕೈಯಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದೆ.