ದೊಡ್ಡಪ್ಪನ ಫ್ಲಾರೆನ್ಸ್

ನಮ್ಮ ದೊಡ್ಡಪ್ಪನನ್ನು ಈ ಶತಮಾನಕ್ಕೆ ಯಾರು ಕರೆತಂದರೋ ಗೊತ್ತಿಲ್ಲ, ಅವರಿಗಂತೂ ಬರುವ ಮನಸ್ಸಿರಲಿಲ್ಲ! ಮಾನ್ವಿಯಲ್ಲಿ ಅಕ್ಕಿ ಮಿಲ್ಲಿನ ಬಾಗಿಲು ತೆಗೆಯಬೇಕಲ್ಲ, ಅಷ್ಟಕ್ಕೇ ಬಂದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ಐನೂರು ವರ್ಷ ಹಿಂದಿನ ಯುರೋಪಿನಲ್ಲಿ ವಾಸ.

ಮನೆ ತುಂಬ ಪುಸ್ತಕ. ಎಲ್ಲವೂ ಮಧ್ಯಯುಗದ್ದು, ಇಲ್ಲವೇ ಪುನರುಜ್ಜೀವನ ಕಾಲದ್ದು. ರಾಯಚೂರಿನಿಂದ ಹೊಸ ಪಾರ್ಸೆಲ್ ಬಂದ ದಿನ ಮಿಲ್ಲಿಗೆ ರಜೆ. ಹಿಂದೆ ಕಾದಾಡಿದ ಊರುಗಳ ಪುಸ್ತಕಗಳನ್ನು ಕಪಾಟಿನಲ್ಲಿ ಪಕ್ಕಪಕ್ಕ ಇಡುವಂತಿಲ್ಲ. ಒಮ್ಮೆ ಧೂಳು ಹೊಡೆಯುತ್ತ ವೆನಿಸ್ ಮತ್ತು ಜಿನೋವಾವನ್ನು ಒಟ್ಟಿಗೆ ಇಟ್ಟುಬಿಟ್ಟೆ.

"ಯವ್ವಾ, ನಡುವ ಒಬ್ಬ ಸಂತನ್ನ ಇಡು. ಬಡದಾಡಿದ್ರ ಬಿಡಿಸವ್ರು ಯಾರು?" ಎಂದರು ದೊಡ್ಡಪ್ಪ.

ಇನ್ನೊಮ್ಮೆ ಮಿಲ್ಲಿಗೆ ಬಂದ ದೇವದುರ್ಗದ ಭತ್ತದ ವ್ಯಾಪಾರಿಯೊಬ್ಬರು ಕೂಲಿ ಹೆಚ್ಚಾಯಿತೆಂದು ಗೊಣಗಿದರು. ದೊಡ್ಡಪ್ಪ ಪುಸ್ತಕದಿಂದ ತಲೆಯೆತ್ತದೆ, "ಪ್ಲೇಗಿಗೆ ಅರ್ಧ ಊರ ಸತ್ತದ, ಕೂಲಿ ಏರದ ಇರ್ತದೇನು?" ಎಂದರು.

"ಯಾವೂರ್ರಿ ಸಾವ್ಕಾರ್ರ?" ಆ ಮನುಷ್ಯ ಮೂಗಿಗೆ ಟವೆಲ್ ಒತ್ತಿಕೊಂಡು ಬಸ್ ಹತ್ತಿದರು!

ಪಾಸ್‌ಪೋರ್ಟ್ ಕೂಡ ಇಲ್ಲದ ಇವರು, ಫ್ಲಾರೆನ್ಸಿನ ಯಾವ ಓಣಿಯಲ್ಲಿ ಉಣ್ಣೆಗೆ ಬಣ್ಣ ಹಾಕುತ್ತಿದ್ದರು ಎಂದು ವಿವರಿಸುವಾಗ, ಇತಿಹಾಸದಲ್ಲೇ ಎಂ.ಎ. ಮಾಡಿದ ನಾನು ಬಾಯಿ ತೆರೆದು ಕೂರುತ್ತೇನೆ. ಹೋದ ವರ್ಷ ವಿಚಾರಸಂಕಿರಣಕ್ಕೆಂದು ನನಗೆ ಆ ಊರಿಗೇ ಕರೆ ಬಂತು. ದೊಡ್ಡಪ್ಪ ಒಮ್ಮೆ ಅದನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದೆ.

"ಆಗೂದಿಲ್ಲವ್ವಾ," ಎಂದರು, ಅಷ್ಟೇ.

ಲಕ್ವಾ ಹೊಡೆದು ಹಾಸಿಗೆ ಹಿಡಿದಿರುವ ದೊಡ್ಡವ್ವನೇ ಗದರಿಸಿದಳು: "ಹೋಗಿ ಬರ್ರಿ. ನಾ ಏನ್ ಎದ್ದು ಓಡಿ ಹೋಗ್ತೀನೇನು?"

ಅವರು ಜಗ್ಗಲಿಲ್ಲ. ನಾನೊಬ್ಬಳೇ ಹೋದೆ. ಹೋದವಳು ಮರುದಿನವೇ ಆ ಬಣ್ಣದ ಓಣಿ ಹುಡುಕುತ್ತ ದಾರಿ ತಪ್ಪಿದೆ. ಯಾರಿಗೆ ಫೋನ್ ಮಾಡಲಿ? ಮಾನ್ವಿಗೇ ಮಾಡಿದೆ!

"ಎದುರಿಗೆ ಏನ್ ಕಾಣ್ತದ?"

"ಹಳೀ ಸೇತುವಿ. ಮ್ಯಾಲೆಲ್ಲ ಅಂಗಡಿ."

"ಹಾಂ, ಮಾಂಸದ ಅಂಗಡಿ ದಾಟಿ ಬಲಕ್ಕ ಹೊಳ್ಳು."

"ಮಾಂಸ ಎಲ್ಲದ ದೊಡ್ಡಪ್ಪಾ? ಎಲ್ಲಾ ಬಂಗಾರದ ಅಂಗಡಿ!"

"ಹೌದಾ? ಯಾವಾಗ ತಗದ್ರು?" ದನಿಯಲ್ಲಿ ಆಘಾತ.

ಅಷ್ಟರಲ್ಲಿ ಹಿಂದಿನಿಂದ ದೊಡ್ಡವ್ವನ ತೊದಲು ದನಿ ಕೇಳಿಸಿತು: "ಬಲಕ್ಕ ಅಲ್ರೀ, ಎಡಕ್ಕ. ನಿನ್ನಿ ಅಲ್ಲೇ ದಣಿದು ನಿಂತಿದ್ವಲ್ಲ."

ನಾನು ಸೇತುವೆಯ ಮೇಲೆ ನಿಂತುಬಿಟ್ಟೆ. ಅವಳು ಮಂಚ ಹಿಡಿದಂದಿನಿಂದ ದೊಡ್ಡಪ್ಪ ಸಂಜೆಯಾದರೆ ಪುಸ್ತಕ ಬಿಡಿಸಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಓದಿ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಅವಳನ್ನು ನಡೆಸುತ್ತಿದ್ದರು, ಒಂದೊಂದೇ ಓಣಿ.

ಫೋನ್ ಇಡುವುದನ್ನು ಮರೆತು ದೊಡ್ಡಪ್ಪ ಅವಳಿಗೆ ಹೇಳುತ್ತಿದ್ದರು: "ಆ ಹುಡುಗಿ ಮುಂದ ಹೋಗ್ಲಿ ಬಿಡು. ನಾವು ಸಾವಕಾಶ ಹೋಗೂಣು."